ಕೂರಬಾರದ ಸೂಟು

"ನಿಂತ್ರೆ ಸೂಟು, ಕೂತ್ರೆ ಬಾವುಟ. ಆಮೇಲೆ ನನ್ನನ್ನ ಕೇಳ್ಬೇಡಿ," ಎಂದ ಟೈಲರು, ತುಟಿಗಳ ನಡುವೆ ಕಚ್ಚಿದ್ದ ಗುಂಡುಸೂಜಿಗಳ ಸಂದಿಯಿಂದ.

ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದ ಮೂಟೆಯಣ್ಣ ಕತ್ತನ್ನು ಮಾತ್ರ ತಿರುಗಿಸಿದ. ಮಿಕ್ಕ ಮೈ ತಿರುಗಬೇಕಾದರೆ ಸೂಟಿನ ಅಪ್ಪಣೆ ಬೇಕಿತ್ತು.

"ಇನ್ನೊಂಚೂರು ಬಿಡಿಸೋಕಾಗಲ್ವೇನಯ್ಯಾ?"

"ಬಿಡಿಸೋಕೆ ಒಳಗಡೆ ಬಟ್ಟೆ ಇರ್ಬೇಕಲ್ಲಣ್ಣ! ನಿಮ್ಮ ಮದುವೆಗೆ ಹೊಲಿದಿದ್ದು. ಆವಾಗ ನೀವು ಮಡಿಚಿದ ಛತ್ರಿ ಥರ ಇದ್ರಿ. ಈಗ ಬಿಚ್ಕೊಂಡಿದ್ದೀರ. ಪ್ಯಾಂಟಿನ ಹಿಂದಿನ ಹೊಲಿಗೆ ದಾರದ ಮೇಲೆ ನಿಂತಿಲ್ಲ, ದೇವರ ಮೇಲೆ ನಿಂತಿದೆ."

ಮೂಟೆಯಣ್ಣ ಕೆಲಸ ಮಾಡುತ್ತಿದ್ದುದು ಕುರ್ಚಿ ಕಾರ್ಖಾನೆಯಲ್ಲಿ. ಮರದ ಕುರ್ಚಿ, ಮೆತ್ತೆ ಕುರ್ಚಿ, ತಿರುಗುವ ಕುರ್ಚಿ, ಒಮ್ಮೆ ಸಿಕ್ಕರೆ ಯಾರೂ ಬಿಟ್ಟುಕೊಡದ ದೊಡ್ಡವರ ಕುರ್ಚಿ, ಎಲ್ಲವೂ ಅಲ್ಲಿಂದಲೇ ಲೋಕಕ್ಕೆ ಹೋಗುತ್ತಿದ್ದವು. ಲೋಕ ಕೂರಲೆಂದು ಅಲ್ಲಿಯವರು ದಿನವಿಡೀ ನಿಂತಿರುತ್ತಿದ್ದರು. ಊಟದ ಹೊತ್ತಿಗೆ ಮಾತ್ರ, ಒರಗಲು ಬೆನ್ನಿಲ್ಲದ, ಕುಂಟುವ ಕೆಲವು ಹಳೇ ಸ್ಟೂಲುಗಳು. ತಯಾರಾದ ಕುರ್ಚಿಯ ಮೇಲೆ ಕೆಲಸಗಾರ ಕೂತರೆ ಅದು 'ಬಳಸಿದ ಮಾಲು' ಆಗಿಬಿಡುತ್ತದೆ, ಆದ್ದರಿಂದ ಕೂರಕೂಡದು ಎಂಬುದು ದೊಡ್ಡ ಯಜಮಾನರ ಕಾಲದ ನಿಯಮ. ಯಾರೂ ಕೂರದೆ ಕುರ್ಚಿ ಗಟ್ಟಿಯೋ ಟೊಳ್ಳೋ ಎಂದು ತಿಳಿಯುವುದು ಹೇಗೆ? ಅದಕ್ಕೆಂದೇ ಒಂದು ಮರಳಿನ ಮೂಟೆಯಿತ್ತು. ಒಮ್ಮೆ ಬಂದು ಕೂತರೆ ತಾನಾಗಿ ಏಳುವ ಜಾಯಮಾನ ಅದರದ್ದಲ್ಲವಾದ್ದರಿಂದ ಕಾರ್ಖಾನೆಯವರು ಅದಕ್ಕೆ 'ಮಾವ' ಎಂದು ಹೆಸರಿಟ್ಟಿದ್ದರು. ಮಾವನನ್ನು ಎತ್ತಿ ಕುರ್ಚಿಯ ಮೇಲೆ ಕೂರಿಸಬೇಕು, ಕಿರ್ ಎನ್ನುತ್ತದೆಯೇ ಎಂದು ಕಿವಿಗೊಡಬೇಕು, ಮತ್ತೆ ಎತ್ತಿ ಮುಂದಿನ ಕುರ್ಚಿಗೆ ಒಯ್ಯಬೇಕು. ಇದು ನಮ್ಮವನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಏನಿತ್ತೋ, ಹೊತ್ತೂ ಹೊತ್ತೂ ಮೂಟೆಯಣ್ಣನಾಗಿದ್ದ. ಮೂಟೆ ಕೂರುತ್ತಿತ್ತು, ಮೂಟೆಯಣ್ಣ ನಿಂತಿರುತ್ತಿದ್ದ.

ಈಗ ತಪಾಸಣೆ ವಿಭಾಗದ ಮೇಲ್ವಿಚಾರಕನ ಜಾಗ ಖಾಲಿಯಾಗಿತ್ತು. ಗಾಜಿನ ಕೋಣೆ, ತಲೆಯ ಮೇಲೆ ಫ್ಯಾನು, ಫ್ಯಾನಿನಡಿಯಲ್ಲಿ ಎರಡು ತೋಳು ಚಾಚಿ ಕರೆಯುವ, ತಿರುಗುವ, ಬೆನ್ನಿಗೆ ಮೆತ್ತೆಯಿರುವ ಒಂದು ಕುರ್ಚಿ. ಹಿಂದೊಮ್ಮೆ ಅದರ ಮೇಲೆ ಮಾವನನ್ನು ಕೂರಿಸಿ ಪರೀಕ್ಷೆ ಮಾಡಿದವನೂ ಮೂಟೆಯಣ್ಣನೇ. ಮರಳಿನ ಮೂಟೆಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಮನುಷ್ಯ ಲೋಕದಲ್ಲಿ ಅವನೊಬ್ಬನೇ ಇರಬೇಕು. ಸಂಬಳ ಏರಲಿ, ಬಿಡಲಿ. ಆ ಕುರ್ಚಿಯಲ್ಲಿ ಕೂರಬೇಕು. ಸೊಂಟ ಕೇಳುತ್ತಿತ್ತು, ಮಂಡಿ ಕೇಳುತ್ತಿತ್ತು, ಉಬ್ಬಿದ ಪಾದಗಳು ಕೇಳುತ್ತಿದ್ದವು. ಇವತ್ತು ಮಧ್ಯಾಹ್ನ ಅದಕ್ಕೆ ಸಂದರ್ಶನ. ಸೂಟು ಕಡ್ಡಾಯ.

ತೊಂದರೆಯೆಂದರೆ, ಸಂದರ್ಶನದ ಜೊತೆ ಇನ್ನೆರಡು ಕಾರ್ಯಕ್ರಮಗಳೂ ಅವತ್ತೇ ಇದ್ದವು. ಬೆಳಿಗ್ಗೆ, ತೀರಿಕೊಂಡ ದೊಡ್ಡ ಯಜಮಾನರ ಶೋಕಸಭೆ. ಸಂಜೆ, ಅವರ ಮಗ ಚಿಕ್ಕ ಯಜಮಾನ ಅಧಿಕಾರ ವಹಿಸಿಕೊಂಡ ಖುಷಿಗೆ ಎಲ್ಲರ ಮನೆಯವರಿಗೂ ಔತಣ. ಬಡ್ತಿ ಯಾರಿಗೆಂದು ಹೇಳುವುದೂ ಅಲ್ಲೇ.

"ಅಳೋಕೊಂದು, ಕೈಮುಗಿಯೋಕೊಂದು, ನಗೋಕೊಂದು ಅಂತ ಮೂರು ಸೂಟು ಬೇಕಲ್ರೀ!" ಎಂದಳು ಅಂಗಡಿಗೆ ಜೊತೆಯಲ್ಲೇ ಬಂದಿದ್ದ ಹೆಂಡತಿ.

"ಒಂದೇ ಸಾಕು ಕಣಮ್ಮಾ," ಎಂಬ ಗುಡುಗು ಟೈಲರ್ ಅಂಗಡಿಯ ಬಾಗಿಲಲ್ಲಿ ಕೇಳಿತು. ಮೇಲಿನ ಮನೆಯ ಬ್ಯಾಂಡ್ ಮೇಷ್ಟ್ರು. ಜೀವಮಾನವೆಲ್ಲ ಸಮವಸ್ತ್ರ ತೊಟ್ಟು ಕೊಂಬು ಊದಿದ ಅವರಿಗೆ ಪಿಸುಮಾತು ಬರುತ್ತಿರಲಿಲ್ಲ. "ನೇವಿ ಬ್ಲೂ ಅಂದ್ರೆ ಉಪ್ಪಿದ್ದ ಹಾಗೆ. ಯಾವುದಕ್ಕೆ ಹಾಕಿದ್ರೂ ಸೇರುತ್ತೆ. ಶೋಕಕ್ಕೆ ಬಿಳೀ ಶರ್ಟು, ಕರೀ ಟೈ, ಕರೀ ಬೂಟು. ಕೋಟಿನ ಗುಂಡಿ ಭದ್ರವಾಗಿ ಹಾಕ್ಕೋಬೇಕು. ದುಃಖ ಅನ್ನೋದು ಸಡಿಲ ಇರಬಾರದು ಕಣಯ್ಯಾ."

"ಅದೇ ವೇಷದಲ್ಲಿ ಸಂದರ್ಶನಕ್ಕೆ ಹೋದ್ರೆ ಹೆಣ ಹೊರೋಕೆ ಬಂದವನು ಅಂತಾರೆ," ಎನ್ನುತ್ತ ಎದುರುಮನೆಯ ಪಾರ್ಲರ್ ಅಕ್ಕ ಒಳಗೆ ನುಗ್ಗಿದಳು. "ಅಲ್ಲಿ ಆಕಾಶನೀಲಿ ಶರ್ಟು, ಮೆರೂನ್ ಟೈ, ಕಂದು ಬೂಟು, ಕಂದು ಬೆಲ್ಟು. ಟೈ ಗಂಟು ನಾನೇ ಹಾಕಿಟ್ಟಿದ್ದೀನಿ ಅಣ್ಣ, ತಲೆ ತೂರಿಸಿ ಎಳ್ಕೊಂಡ್ರೆ ಮುಗೀತು. ಜಾಸ್ತಿ ಎಳೀಬೇಡಿ, ನೀವೇ ಮುಗಿದುಹೋಗ್ತೀರ."

"ಸಂಜೆಗೆ ಟೈ ಕಿತ್ತಾಕಿ. ಗುಲಾಬಿ ಶರ್ಟು, ಕಾಲರ್ ಬಿಚ್ಚಿರಲಿ, ಜೇಬಲ್ಲಿ ಕೆಂಪು ರೇಷ್ಮೆ ಕರ್ಚೀಫು," ಎಂದಳು ಹೆಂಡತಿ. "ಕರ್ಚೀಫು ಆಗ್ಲೇ ಕೋಟಿನ ಜೇಬಿಗೆ ಹೊಲಿದುಬಿಟ್ಟಿದ್ದೀನಿ. ಛತ್ರಿ ಬಸ್ಸಲ್ಲಿ ಬಿಟ್ಟು ಬರೋರು, ಕರ್ಚೀಫು ಉಳಿಸ್ಕೋತೀರಾ?"

ಎಲ್ಲರೂ ಮೂಟೆಯಣ್ಣನ ಎದೆ ನೋಡಿದರು. ಅಲ್ಲಿ ಕರ್ಚೀಫು ಕೋಳಿಯ ಜುಟ್ಟಿನಂತೆ ನಿಗುರಿತ್ತು.

"ಶೋಕಸಭೆಗೆ ಕೆಂಪು ಕರ್ಚೀಫೇ!" ಮೇಷ್ಟ್ರು ಅರಚಿದರು.

"ಬಿಚ್ಚಯ್ಯಾ ಇದನ್ನ," ಎಂದ ಮೂಟೆಯಣ್ಣ ಟೈಲರಿಗೆ.

ಟೈಲರು ಬಗ್ಗಿ ನೋಡಿದ. "ಅಮ್ಮಾವ್ರು ಗೋಣಿಚೀಲ ಹೊಲಿಯೋ ದಾರ ಹಾಕಿದ್ದಾರೆ. ಇದು ಬಿಚ್ಚಿದ್ರೆ ಜೇಬೂ ಬರುತ್ತೆ."

"ದೇವರು ಎರಡು ಕೈ ಕೊಟ್ಟಿದ್ದಾನಲ್ರೀ? ಒಂದರಲ್ಲಿ ಮುಚ್ಕೊಳ್ಳಿ," ಎಂದು ಹೆಂಡತಿ ವಿಷಯ ಮುಗಿಸಿ, ಮಿಕ್ಕ ಶರ್ಟು, ಟೈ, ಬೂಟುಗಳ ಚೀಲವನ್ನು ಇನ್ನೊಂದು ಕೈಗೆ ನೇತುಹಾಕಿದಳು.

ಬಸ್ಸಿನಲ್ಲಿ ಸೀಟುಗಳು ಖಾಲಿಯಿದ್ದರೂ ಮೂಟೆಯಣ್ಣ ಕಂಬ ಹಿಡಿದು ಇನ್ನೊಂದು ಕಂಬದಂತೆ ನಿಂತ. ಒಬ್ಬ ಅಜ್ಜಿ ತನ್ನ ಪಕ್ಕದ ಜಾಗ ತಟ್ಟಿ, "ಕೂತ್ಕೋ ಮಗಾ," ಎಂದಳು. "ಬೇಡಜ್ಜೀ." "ಕೂತ್ಕೊಳ್ಳಪ್ಪಾ, ಕಾಸೇನೂ ಕೇಳಲ್ಲ." "ಬೇಡಜ್ಜೀ, ನಿಂತ್ರೇ ಸುಖ." ಅಜ್ಜಿ ಮರುಕದಿಂದ ನೋಡಿ, ಮುಂದಿನ ಸೀಟಿನವಳಿಗೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಪಾಪ, ಮೂಲವ್ಯಾಧಿ. ನಮ್ಮೆಜಮಾನ್ರೂ ಹೀಗೇ ನಿಲ್ತಿದ್ರು."

ಕಾರ್ಖಾನೆಯ ಸಭಾಂಗಣದಲ್ಲಿ ಅವತ್ತು ಪವಾಡವೊಂದು ನಡೆದಿತ್ತು. ಶೋಕಸಭೆಗೆಂದು ಕೆಲಸಗಾರರಿಗೂ ಕುರ್ಚಿ ಹಾಕಿದ್ದರು. ತಾವೇ ಮಾಡಿದ ಕುರ್ಚಿಗಳ ಮೇಲೆ ಮೊದಲ ಸಲ ಕೂತ ಜನ ದೊಡ್ಡ ಯಜಮಾನರ ಸಾವನ್ನು ಒಳಗೊಳಗೇ ಮೆಚ್ಚಿಕೊಳ್ಳುತ್ತಿದ್ದರು. ಪಾಲಿಶ್ ವಿಭಾಗದವನೊಬ್ಬ ಕಣ್ಣು ಮುಚ್ಚಿ ಒರಗಿದ್ದ. ಎಲ್ಲರೂ ಅವನನ್ನು 'ಪಾಲಿಶ್' ಎಂದೇ ಕರೆಯುತ್ತಿದ್ದರು. ಅವನೂ ಸಂದರ್ಶನಕ್ಕೆ ಬಂದವನೇ. ಬಾಡಿಗೆ ಸೂಟು ತೊಟ್ಟಿದ್ದ, ಎಷ್ಟು ದೊಗಳೆಯೆಂದರೆ ಅದರೊಳಗೆ ಇನ್ನೊಬ್ಬನನ್ನು ಬಾಡಿಗೆಗೆ ಇಡಬಹುದಿತ್ತು.

ಮೂಟೆಯಣ್ಣ ಹಿಂದಿನ ಗೋಡೆಗೆ ಬೆನ್ನು ಕೊಟ್ಟು, ಕರ್ಚೀಫಿನ ಮೇಲೆ ಅಂಗೈ ಊರಿ ನಿಂತ.

"ಅಣ್ಣಾ, ಬಾ ಇಲ್ಲಿ, ಮೆತ್ತಗಿದೆ!" ಪಾಲಿಶ್ ಪಕ್ಕದ ಕುರ್ಚಿ ತಟ್ಟಿ ಕರೆದ.

"ನೀನು ಕೂರು. ನಾನಿಲ್ಲೇ ಇರ್ತೀನಿ."

ವೇದಿಕೆಯ ಮೇಲಿದ್ದ ಚಿಕ್ಕ ಯಜಮಾನನ ಕಣ್ಣಿಗೆ ಅದು ಬಿತ್ತು. ಪಕ್ಕದ ಮ್ಯಾನೇಜರ್ ಕಡೆ ಬಾಗಿ ಕೇಳಿದ, "ಯಾಕ್ರೀ ಅವರೊಬ್ಬರು ಮಾತ್ರ ನಿಂತಿದ್ದಾರೆ?"

ಮ್ಯಾನೇಜರಿಗೆ ಗೊತ್ತಿರಲಿಲ್ಲ. ಆದರೆ 'ಗೊತ್ತಿಲ್ಲ' ಎಂದು ಹೇಳಿದವರು ಮ್ಯಾನೇಜರ್ ಆಗುವುದಿಲ್ಲ. "ಭಕ್ತಿ ಸಾರ್. ದೊಡ್ಡ ಯಜಮಾನ್ರ ಮೇಲಿನ ಭಕ್ತಿ. ನೋಡಿ, ಎದೆ ಮೇಲೆ ಕೈ ಇಟ್ಕೊಂಡಿದ್ದಾರೆ."

ಚಿಕ್ಕ ಯಜಮಾನನ ಕಣ್ಣು ತೇವವಾಯಿತು. ಥಟ್ಟನೆದ್ದು ತಾನೂ ಎದೆಯ ಮೇಲೆ ಕೈಯಿಟ್ಟುಕೊಂಡ. ಯಜಮಾನ ಎದ್ದಮೇಲೆ ಮ್ಯಾನೇಜರ್ ಕೂತಾನೆಯೇ? ಮ್ಯಾನೇಜರ್ ಎದ್ದಮೇಲೆ ಮಿಕ್ಕವರು? ಸಾಲುಸಾಲಾಗಿ ಕುರ್ಚಿಗಳು ನರಳಿದವು. ಸಭಾಂಗಣ ತುಂಬ ಹೊಚ್ಚಹೊಸ ಕುರ್ಚಿಗಳು ಖಾಲಿ ಬಿದ್ದಿರಲು, ಇಡೀ ಕಾರ್ಖಾನೆ ಎದೆ ಹಿಡಿದುಕೊಂಡು ನಿಂತಿತು. ಹೊರಗಿನವರು ಯಾರಾದರೂ ಇಣುಕಿದ್ದರೆ ಸಾಮೂಹಿಕ ಹೃದಯಾಘಾತವೆಂದು ಡಾಕ್ಟರಿಗೆ ಓಡುತ್ತಿದ್ದರು. ಭಾಷಣಗಳು ಒಂದರ ಬಾಲಕ್ಕೆ ಇನ್ನೊಂದು ಗಂಟು ಹಾಕಿಕೊಂಡು ಬಂದವು. ದೊಡ್ಡ ಯಜಮಾನರು ಎಷ್ಟು ಕಷ್ಟಪಟ್ಟರು ಎಂಬುದನ್ನು ಮಂಡಿ ನಡುಗುತ್ತಿದ್ದ ಜನ ಕೇಳಿದರು.

"ಜೀವಮಾನದಲ್ಲಿ ಒಂದ್ಸಲ ಕೂತಿದ್ದೆ ಕಣೋ," ಎಂದು ಮರ ಕೊಯ್ಯುವವನೊಬ್ಬ ಹಿಂದಕ್ಕೆ ತಿರುಗಿ ಹಲ್ಲು ಕಡಿದ. "ಅದನ್ನೂ ನುಂಗಿದ್ಯಲ್ಲೋ ಮೂಟೆ!"

ಸಭೆ ಮುಗಿದೊಡನೆ ಮೂಟೆಯಣ್ಣ ಉಗ್ರಾಣಕ್ಕೆ ಓಡಿದ. ಅಲ್ಲಿ ಮಾವ ಒಂದು ಕುರ್ಚಿಯ ಮೇಲೆ ಆರಾಮವಾಗಿ ಹೊಟ್ಟೆ ಬಿಟ್ಟುಕೊಂಡು ಕೂತಿತ್ತು. "ನಿನ್ನ ಹಣೆಬರಹ ನನಗೆ ಇರಬಾರದಿತ್ತಾ," ಎನ್ನುತ್ತ ಬಿಳೀ ಶರ್ಟು ಕಳಚಿ ನೀಲಿ ಶರ್ಟು ತೊಟ್ಟ. ಮೆರೂನ್ ಟೈಯ ಕುಣಿಕೆಗೆ ತಲೆ ತೂರಿಸಿ, ಪಾರ್ಲರ್ ಅಕ್ಕ ಹೇಳಿದ್ದನ್ನು ಮರೆತು, ಎಳೆದ. ಗಂಟು ಗಂಟಲಿಗೆ ಕಚ್ಚಿ ಕೂತಿತು. ಕಣ್ಣು ಎರಡು ಬೆರಳು ಮುಂದೆ ಬಂತು. ಸಡಿಲಿಸಲು ಹೋದಷ್ಟೂ ಬಿಗಿಯಿತು. ಇರಲಿ, ಉಸಿರು ಆಮೇಲೆ ಆಡಿದರಾಯಿತೆಂದು ಕಂದು ಬೂಟಿನ ಲೇಸು ಕಟ್ಟಲು ಬಗ್ಗಿದ.

ಟರ್‍ರ್.

ದೇವರು ಕೈಬಿಟ್ಟಿದ್ದ.

"ಯಾರದು ಬಟ್ಟೆ ಹರೀತಿರೋದು?" ಎನ್ನುತ್ತ ಪಾಲಿಶ್ ಒಳಗೆ ಬಂದ. ಮೂಟೆಯಣ್ಣ ಗೋಡೆಗೆ ಅಂಟಿಕೊಂಡ. ಮುಖ ನೋಡಿಯೇ ಪಾಲಿಶ್ ಅರ್ಥಮಾಡಿಕೊಂಡ. "ತಿರುಗಣ್ಣ, ನೋಡೋಣ. ನನ್ನ ಹತ್ರ ಏನು ನಾಚಿಕೆ?... ಅಯ್ಯಯ್ಯೋ! ಕಿಟಕಿ ಅಲ್ಲಣ್ಣ, ಇದು ಹೆಬ್ಬಾಗಿಲು!"

"ಏನಾದ್ರೂ ಮಾಡೋ." ಟೈಯ ಹಿಡಿತದಲ್ಲಿ ದನಿ ಪೀಪಿಯಂತೆ ಬಂತು.

ಪಾಲಿಶ್ ಒಳ್ಳೆಯವನು. ತನ್ನ ಬಾಡಿಗೆ ಸೂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಎರಡು ಸೇಫ್ಟಿ ಪಿನ್ನುಗಳನ್ನೇ ಕಿತ್ತು ಹರಿದಲ್ಲಿ ಸಿಕ್ಕಿಸಿದ. "ಒಂದು ಸರಿಯಾಗಿ ಕೂತಿದೆ. ಇನ್ನೊಂದರ ಬಾಯಿ ಮುಚ್ತಿಲ್ಲ. ಕೂತ್ರೆ ಮಾತ್ರ ಸ್ವರ್ಗ ಕಾಣುತ್ತೆ. ಆಮೇಲೆ ಯಾರಿಗೂ ಬೆನ್ನು ತೋರಿಸ್ಬೇಡ, ಇಣುಕುತ್ತೆ."

"ಏನು ಇಣುಕುತ್ತೆ?"

"ಬಿಳೀದು."

ಹೀಗೆ ಮೂಟೆಯಣ್ಣ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡ ಪಾಲಿಶ್‌ನನ್ನು ಹೊರಗೆ ನಿಲ್ಲಿಸಿ, ಸಂದರ್ಶನದ ಕೋಣೆಯೊಳಗೆ ಕಾಲಿಟ್ಟ. ಕಾಲಿಟ್ಟವನು ಹಾಗೇ ನಿಂತುಬಿಟ್ಟ. ಮೇಜಿನಾಚೆ ಚಿಕ್ಕ ಯಜಮಾನ, ಮ್ಯಾನೇಜರ್. ಮೇಜಿನೀಚೆ ಅಭ್ಯರ್ಥಿಗೆಂದು ಹಾಕಿದ್ದ ಕುರ್ಚಿ ಬೇರೆ ಯಾವುದೂ ಅಲ್ಲ, ಅದೇ! ಗಾಜಿನ ಕೋಣೆಯ ಕುರ್ಚಿ. ತೋಳು ಚಾಚಿಕೊಂಡು, ಮೆತ್ತೆ ಉಬ್ಬಿಸಿಕೊಂಡು, 'ಬಾ ಮಗನೇ' ಎನ್ನುತ್ತಿತ್ತು.

"ಬನ್ನಿ ಬನ್ನಿ, ಕೂತ್ಕೊಳ್ಳಿ," ಎಂದ ಚಿಕ್ಕ ಯಜಮಾನ.

ಸೊಂಟ ಮುಂದಕ್ಕೆ ಹೋಯಿತು. ಪಿನ್ನು ಹಿಂದಕ್ಕೆ ಎಳೆಯಿತು.

"ಪರವಾಗಿಲ್ಲ ಸಾರ್."

"ಪರವಾಗಿಲ್ಲ ಅಂದ್ರೆ? ಕೂತ್ಕೊಳ್ರೀ."

"ನಿಂತೇ ಅಭ್ಯಾಸ ಸಾರ್."

ಮೆರೂನ್ ಟೈಯ ಪಕ್ಕ ಕೆಂಪು ಕರ್ಚೀಫು ಕಣ್ಣಿಗೆ ಹೊಡೆಯುತ್ತದೆಂಬುದು ನೆನಪಾಗಿ ಅವನ ಕೈ ಮತ್ತೆ ಎದೆಗೆ ಹೋಯಿತು. ಚಿಕ್ಕ ಯಜಮಾನ ಅರ್ಧ ಎದ್ದ. "ಬೆಳಿಗ್ಗೆ ಸಭೇಲಿ ನಿಂತಿದ್ದವರು ನೀವೇ ಅಲ್ವಾ?"

"ಹೌದು ಸಾರ್."

"ಇಷ್ಟು ವರ್ಷದಲ್ಲಿ ನಮ್ಮ ಕುರ್ಚೀಲಿ ನೀವು ಎಷ್ಟು ಸಲ ಕೂತಿದ್ದೀರ?"

"ಒಂದ್ಸಲಾನೂ ಇಲ್ಲ ಸಾರ್."

"ಯಾಕೆ?"

"ನಿಯಮ ಸಾರ್."

"ಯಾರು ಮಾಡಿದ್ದು ಆ ನಿಯಮ?"

"ನಿಮ್ಮ ತಂದೆಯವರು."

ನಿಯಮದ ಬಗ್ಗೆ ಹೇಳಬೇಕಾದ ಮಾತು ಇನ್ನೂ ಬಹಳವಿತ್ತು. ಯಾವ ಯಾವ ಮೂಳೆಗೆ ಎಷ್ಟೆಷ್ಟು ನೋವು ಎಂಬ ವಿವರವಿತ್ತು. ಆ ನಿಯಮ ಮಾಡಿದವರು ಒಂದೇ ಒಂದು ದಿನ ಮಾವನನ್ನು ಹೊತ್ತು ನೋಡಬೇಕಿತ್ತು ಎಂಬ ವಾಕ್ಯವನ್ನು ಅವನು ಎಷ್ಟೋ ವರ್ಷದಿಂದ ಬಾಯಿಪಾಠ ಮಾಡಿಟ್ಟಿದ್ದ. ಆದರೆ ಟೈ ಬಿಡಬೇಕಲ್ಲ? ಮಾತು ಗಂಟಿನವರೆಗೆ ಬಂದು ವಾಪಸು ಹೋಯಿತು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿ, ಕಣ್ಣಲ್ಲಿ ನೀರು ತುಂಬಿತು.

"ಅಪ್ಪನ ಹೆಸರು ಹೇಳಿದ್ರೆ ಅಳ್ತಾರಲ್ರೀ ಇವರು!" ಎಂದು ಚಿಕ್ಕ ಯಜಮಾನ ಮೂಗೊರೆಸಿಕೊಂಡ. "ಸಾಕು. ನೀವು ಹೋಗಿ. ಇನ್ನೇನೂ ಕೇಳೋದಿಲ್ಲ."

ಬೆನ್ನು ತೋರಿಸುವಂತಿರಲಿಲ್ಲ. ಮೂಟೆಯಣ್ಣ ಎದೆಯ ಮೇಲೆ ಕೈಯಿಟ್ಟುಕೊಂಡೇ ಹಿಂದಹಿಂದಕ್ಕೆ ಹೆಜ್ಜೆಯಿಟ್ಟ. ಕಸದ ಬುಟ್ಟಿ ಒದ್ದ, ಬಾಗಿಲ ಚೌಕಟ್ಟಿಗೆ ತಲೆ ಬಡಿದುಕೊಂಡ, "ಸಾರಿ ಸಾರ್" ಎಂದು ಚೌಕಟ್ಟಿಗೇ ಹೇಳಿ ಮರೆಯಾದ.

"ನೋಡಿದ್ರಾ? ಯಜಮಾನ್ರಿಗೆ ಬೆನ್ನು ಕೂಡ ತೋರಿಸ್ಲಿಲ್ಲ," ಎಂದ ಮ್ಯಾನೇಜರ್.

ಆಮೇಲೆ ಒಳಗೆ ಹೋದ ಪಾಲಿಶ್, ಕೂರಿ ಎನ್ನುವ ಮೊದಲೇ ಕುರ್ಚಿಗೆ ಬಿದ್ದು ಗರಗರನೆ ಒಂದು ಸುತ್ತು ತಿರುಗಿ, "ಎಡಗಾಲು ಕಿರ್ ಅಂತಿದೆ ಸಾರ್. ಎಣ್ಣೆ ಬಿಡಿಸಿ," ಎಂದನಂತೆ. ಹೊರಗೆ ಬಂದು ಅದನ್ನೇ ಹೇಳಿ, "ನನ್ನದು ಹೋಯ್ತು ಬಿಡಣ್ಣ. ಕುರ್ಚಿ ನಿಂದೇ. ವಾರಕ್ಕೊಂದ್ಸಲ ನನ್ನನ್ನೂ ಕೂರಿಸು," ಎಂದ.

ಮೂಟೆಯಣ್ಣನ ಎದೆ ಅರಳಿತು. ಟೈ ಇದ್ದುದರಿಂದ ಪೂರ್ತಿ ಅರಳಲಿಲ್ಲ.

ಸಂಜೆ ಔತಣಕ್ಕೆ ಅಂಗಳವೆಲ್ಲ ದೀಪ. ಸಂಗೀತಕ್ಕೆ ಬ್ಯಾಂಡ್ ಮೇಷ್ಟ್ರ ತಂಡವನ್ನೇ ಕರೆಸಿ ವೇದಿಕೆಯ ಹಿಂಬದಿಯಲ್ಲಿ ಕೂರಿಸಿದ್ದರು. ಹೆಂಡತಿಯ ಜೊತೆ ಬಂದ ಪಾರ್ಲರ್ ಅಕ್ಕ ಮೂಟೆಯಣ್ಣನ ಮುಖ ಕಂಡವಳೇ ಕೈಚೀಲದಿಂದ ಕತ್ತರಿ ತೆಗೆದು ಟೈ ಕತ್ತರಿಸಿದಳು. ಮಧ್ಯಾಹ್ನದಿಂದ ಬಾಕಿಯಿದ್ದ ಉಸಿರನ್ನೆಲ್ಲ ಅವನು ಒಂದೇ ಸಲ ಎಳೆದುಕೊಂಡ. ಗುಲಾಬಿ ಶರ್ಟು, ಬಿಚ್ಚಿದ ಕಾಲರು. ಕೆಂಪು ಕರ್ಚೀಫು ದಿನದಲ್ಲಿ ಮೊದಲ ಸಲ ಸರಿಯಾದ ಜಾಗದಲ್ಲಿ ಸರಿಯಾದ ಹೊತ್ತಿಗೆ ನಿಂತಿತ್ತು.

"ಊಟಕ್ಕೆ ಕೂತ್ಕೊಳ್ರೀ," ಎಂದಳು ಹೆಂಡತಿ.

"ಕುರ್ಚಿ ಸಿಕ್ಕ ಮೇಲೆ ಕೂರೋದು ಇದ್ದೇ ಇದೆ ಕಣೇ," ಎಂದ ಗಂಡ ಗತ್ತಿನಿಂದ, ಬೆನ್ನು ಗೋಡೆಗೆ ಒತ್ತಿಕೊಂಡು.

ವೇದಿಕೆಯ ಮೇಲೆ ಆ ಕುರ್ಚಿಗೆ ರಿಬ್ಬನ್ ಕಟ್ಟಿ ಇಟ್ಟಿದ್ದರು. ಚಿಕ್ಕ ಯಜಮಾನ ಮೈಕು ಹಿಡಿದ.

"ಇವತ್ತು ಒಬ್ಬ ಕೆಲಸಗಾರ ನನಗೆ ಪಾಠ ಕಲಿಸಿದ್ರು. ನಾವು ಕೂತಿದ್ದಾಗ ಅವರು ನಿಂತಿದ್ರು. ಕೂರಿ ಅಂದ್ರೂ ಕೂರಲಿಲ್ಲ. ಬನ್ನಿ, ಮೇಲೆ ಬನ್ನಿ!"

ಚಪ್ಪಾಳೆ. ಮೂಟೆಯಣ್ಣ ಅಡ್ಡಡ್ಡವಾಗಿ, ಏಡಿಯಂತೆ, ಜನರಿಗೆ ಬೆನ್ನು ಕಾಣದ ಹಾಗೆ ಮೆಟ್ಟಿಲು ಹತ್ತಿದ. ರಿಬ್ಬನ್ ಕಟ್ಟಿದ ಕುರ್ಚಿ ಒಂದು ಮಾರು ದೂರದಲ್ಲಿತ್ತು.

"ಇಂಥವರಿಗೆ ಒಂದು ಕುರ್ಚಿ ಕೊಡೋದು ಅಂದ್ರೆ..." ಚಿಕ್ಕ ಯಜಮಾನ ತಡೆದ. ಮೂಟೆಯಣ್ಣನ ಸೊಂಟ ಬೇಡಿಕೊಂಡಿತು. "...ಅವಮಾನ! ಕುರ್ಚಿಯ ಆಸೆಯೇ ಇಲ್ಲದ ಮನುಷ್ಯನಿಗೆ ಕುರ್ಚಿ ಕೊಟ್ಟು ಕೆಡಿಸಬಾರದು. ಅದಕ್ಕೇ ಮೇಲ್ವಿಚಾರಕನ ಜಾಗ ಪಾಲಿಶ್ ವಿಭಾಗದವರಿಗೆ ಕೊಟ್ಟಿದ್ದೀನಿ. ಅವರಿಗೆ ಕೂರೋದು ಚೆನ್ನಾಗಿ ಬರುತ್ತೆ."

ಪಾಲಿಶ್ ಕೈಯಲ್ಲಿದ್ದ ತಟ್ಟೆ ಜಾರಿತು. ಜೊತೆಗೆ, ಪಿನ್ನಿಲ್ಲದ ಪ್ಯಾಂಟೂ.

"ಇವರಿಗೆ ಹೊಸ ಹುದ್ದೆ! ನಾಳೆಯಿಂದ ಗೇಟಿನಲ್ಲಿ, ಇದೇ ಸೂಟಿನಲ್ಲಿ, ಎದೆ ಮೇಲೆ ಕೈ ಇಟ್ಕೊಂಡು ನಿಂತು ಬಂದವರನ್ನ ಸ್ವಾಗತಿಸ್ತಾರೆ. ದುಃಖದ ದಿನ ಕರೀ ಟೈ, ವ್ಯಾಪಾರದ ದಿನ ಮೆರೂನ್ ಟೈ, ಹಬ್ಬದ ದಿನ ಕೆಂಪು ಕರ್ಚೀಫು. ಬೆಳಿಗ್ಗೆಯಿಂದ ಸಂಜೆವರೆಗೆ. ನಿಂತೇ! ಇನ್ನೂ ಒಂದು ಮಾತು. ಇವರ ಗೌರವಾರ್ಥ, ಊಟದ ಮನೆಯ ಸ್ಟೂಲುಗಳನ್ನೆಲ್ಲ ನಾಳೆಯಿಂದ ತೆಗೆಸ್ತಿದ್ದೀನಿ. ಒಬ್ಬರು ನಿಲ್ಲಬಹುದಾದ್ರೆ ಎಲ್ಲರೂ ಯಾಕೆ ನಿಲ್ಲಬಾರದು?"

ಮ್ಯಾನೇಜರ್ ಒಬ್ಬನೇ ಚಪ್ಪಾಳೆ ತಟ್ಟಿದ. ಇಡೀ ಕಾರ್ಖಾನೆ ಕಣ್ಣು ಕೆಕ್ಕರಿಸಿ ವೇದಿಕೆಯತ್ತ ನೋಡುತ್ತಿತ್ತು, ಯಜಮಾನನನ್ನಲ್ಲ, ಮೂಟೆಯಣ್ಣನನ್ನು.

"ಇಳಿದು ಬಾರೋ ಕೆಳಗೆ, ನಿನಗಿದೆ," ಎಂದ ಮರ ಕೊಯ್ಯುವವನು.

"ರೀ, ಬಡ್ತಿ ಬಂತಾ?" ಎಂದು ಹಿಂದಿನ ಸಾಲಿನಿಂದ ಹೆಂಡತಿ ಕೂಗಿದಳು.

ಮೂಟೆಯಣ್ಣನ ಗಂಟಲಲ್ಲೀಗ ಟೈ ಇಲ್ಲದ, ಸ್ವತಂತ್ರವಾದ, ದೊಡ್ಡ ದನಿಯಿತ್ತು. ವರ್ಷಗಳಿಂದ ಬಾಯಿಪಾಠ ಮಾಡಿದ್ದ ಆ ವಾಕ್ಯ ನಾಲಗೆಯ ತುದಿಗೆ ಬಂತು. "ಸ್ವಾಮೀ! ಈ ನಿಯಮ ಮಾಡಿದೋರು ಒಂದೇ ಒಂದು ದಿನ..." ಎಂದು ಶುರುಮಾಡಿದ. ಅಷ್ಟರಲ್ಲಿ ಬೆಳಗಿನಿಂದ ಅವನನ್ನು ಹೊತ್ತಿದ್ದ ಕಾಲುಗಳು, ಮುನ್ಸೂಚನೆ ಕೊಡದೆ ಮುಷ್ಕರ ಹೂಡಿದವು. ಮಂಡಿ ಮಡಚಿತು. ರಿಬ್ಬನ್ ಕಟ್ಟಿದ ಕುರ್ಚಿಯೊಳಗೆ ಅವನು ಧೊಪ್ಪನೆ ಬಿದ್ದ.

ಒಂದು ಕ್ಷಣ. ಆಹಾ. ಬೆನ್ನಿಗೆ ಮೆತ್ತೆ, ಮೊಣಕೈಗೆ ತೋಳು. ಮಾವನ ಸುಖ ಏನೆಂಬುದು ತಿಳಿಯಿತು.

ಮರುಕ್ಷಣ ಬಾಯಿ ಮುಚ್ಚದ ಪಿನ್ನು ತನ್ನ ಮಾತು ಹೇಳಿತು.

"ಅಯ್ಯಯ್ಯಪ್ಪೋ!" ಎಂದು ಮೂಟೆಯಣ್ಣ ಕುರ್ಚಿಯಿಂದ ಆಳೆತ್ತರ ಹಾರಿ, ನೆಟ್ಟಗೆ, ಸಲಾಕೆಯಂತೆ ನಿಂತ. ಹಿಂದೆ ಉಳಿದಿದ್ದ ಹೊಲಿಗೆಯೂ ಕೊನೆಯವರೆಗೆ ಟರ್‍ರ್ ಎಂದಿತು.

"ನೋಡಿದ್ರಾ! ನೋಡಿದ್ರಾ!" ಚಿಕ್ಕ ಯಜಮಾನ ಮೈಕಿನಲ್ಲಿ ಗದ್ಗದನಾದ. "ಅಪ್ಪಿತಪ್ಪಿ ಕೂತ್ರೂ ಆತ್ಮಸಾಕ್ಷಿ ಹೇಗೆ ಚುಚ್ಚಿತು!"

ವೇದಿಕೆಯ ಹಿಂಬದಿಯಲ್ಲಿ ಕೂತಿದ್ದ ಬ್ಯಾಂಡ್ ಮೇಷ್ಟ್ರು ಮಾತ್ರ ಮೂಟೆಯಣ್ಣನ ಬೆನ್ನ ಹಿಂದೆ, ಹರಿದ ಪ್ಯಾಂಟಿನಿಂದ ಹೊರಬಿದ್ದು ಗಾಳಿಗೆ ಪಟಪಟನೆ ಹಾರುತ್ತಿದ್ದ ಬಿಳಿಯದನ್ನು ಕಂಡರು. ಜೀವಮಾನವೆಲ್ಲ ಸಮವಸ್ತ್ರ ತೊಟ್ಟ ಮನುಷ್ಯ. ಹಾರುವ ಬಾವುಟ ಕಂಡ ಮೇಲೆ ಕೂತಿರಲು ಬರುವುದಿಲ್ಲ. ಅಭ್ಯಾಸಬಲದಿಂದ ಎದ್ದು ಕೊಂಬು ತುಟಿಗಿಟ್ಟರು. ತಂಡವೂ ಎದ್ದು ವಂದನೆಯ ರಾಗ ಬಾರಿಸಿತು. ಔತಣಕ್ಕೆಂದು ಕೂತಿದ್ದ ಜನರೆಲ್ಲ ತಟ್ಟೆ ಕೆಳಗಿಟ್ಟು, ಮೂಟೆಯಣ್ಣನನ್ನು ಮನಸಾರೆ ಬೈಯುತ್ತ, ಮತ್ತೆ ಎದ್ದು ನಿಂತರು.